ಕಡೇ ಬೀದಿಯ ಹೆಚ್ಚಳ

ಹದಿನಾರು, ಹದಿನೇಳು, ಹದಿನೆಂಟು. ಒಂದೊಂದು ಸುತ್ತನ್ನೂ ಬಾಯಲ್ಲೇ ಎಣಿಸುತ್ತ ಹನ್ನಾ ಕಬ್ಬಿಣದ ಸರಳನ್ನು ತಿರುಗಿಸುತ್ತಿದ್ದಳು. ಸರಳಿನ ಕೆಳತುದಿ ಗುಂಡಿಯೊಳಗೆ ಇಳಿದು ನೀರಿನ ಪೈಪಿನ ವಾಲಿನ ತಲೆಯನ್ನು ಕಚ್ಚಿಕೊಂಡಿತ್ತು. ಮೇಲಿನ ಅಡ್ಡಪಟ್ಟಿಯನ್ನು ಅವಳ ಎರಡೂ ಕೈ ಹಿಡಿದಿದ್ದವು. ಇಪ್ಪತ್ತೆರಡನೆಯ ಸುತ್ತಿಗೆ ನೀರು ಹೊರಡುತ್ತದೆ. ಆ ಸದ್ದು ಕಿವಿಗಿಂತ ಮೊದಲು ಮಂಡಿಗೆ ಗೊತ್ತಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜೂನ್ ತಿಂಗಳಿಂದ ದಿನವೂ ಬೆಳಗಿನ ಐದಕ್ಕೆ ಬಂದು ಬಂದು ತಾನೇ ಕಲಿತದ್ದು.

ಕೊಪ್ಪಲಿನ ನಾಲ್ಕು ಬೀದಿಗೆ ನಾಲ್ಕು ವಾಲು. ಮಿಕ್ಕ ಮೂರನ್ನು ನಿಂತುಕೊಂಡೇ ತಿರುಗಿಸಬಹುದು. ಕಡೇ ಬೀದಿಯ ಗುಂಡಿ ಮಾತ್ರ ಆಳ, ಸರಳು ಅದಕ್ಕೆ ಗಿಡ್ಡ, ಹಾಗಾಗಿ ಮಂಡಿಯೂರದೆ ಆಗುವುದಿಲ್ಲ. ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು, ತಲೆಗೆ ಟವಲು ಸುತ್ತಿಕೊಂಡು, ಗೋಣಿತಾಟಿನ ಮೇಲೆ ಮಂಡಿಯೂರಿ ಕೂತ ಅವಳನ್ನು ದೂರದಿಂದ ನೋಡಿದವರು ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಳ್ಳಬೇಕು. ಅದು ಪೂರ್ತಿ ಸುಳ್ಳೂ ಅಲ್ಲ. ಮೊದಲ ಸುತ್ತಿಗೆ ಮುಂಚೆ "ಕರ್ತನೇ" ಎಂದು ಒಂದು ಸಲ ಅನ್ನದೆ ಅವಳು ಕೈ ಹಾಕಿದವಳಲ್ಲ.

ಇಪ್ಪತ್ತೊಂದು. ಇಪ್ಪತ್ತೆರಡು. ಮಣ್ಣಿನೊಳಗೆ ಏನೋ ಹೊರಳಿದಂತಾಯಿತು. ಬೀದಿಯ ಆ ತುದಿಯಲ್ಲಿ ಯಾರದೋ ನಲ್ಲಿ ಮೊದಲು ಗಾಳಿ ಉಗುಳಿ, ಕೆಮ್ಮಿ, ಆಮೇಲೆ ಒಂದೇ ಸಮ ಸುರಿಯತೊಡಗಿತು. ಕೊಡಗಳ ಸದ್ದು, ಹೆಂಗಸರ ಮಾತು. ಈ ಸದ್ದು ಕೇಳಿದಾಗಲೆಲ್ಲ ಹನ್ನಾಳ ಎದೆಯೊಳಗೂ ಏನೋ ತುಂಬಿಕೊಳ್ಳುತ್ತಿತ್ತು. ಅದಕ್ಕೆ ಏನು ಹೆಸರಿಡಬೇಕು ಎಂಬುದೇ ಅವಳಿಗೆ ಆರು ತಿಂಗಳಿಂದ ಬಗೆಹರಿದಿರಲಿಲ್ಲ.

ಕಿಕ್ಕೇರಿಯಿಂದ ಮೂರು ಕಿಲೋಮೀಟರು ಒಳಗಿರುವ ಈ ಕೊಪ್ಪಲಿಗೆ ಅವಳ ಗಂಡ ಕೃಪಾಕರ ನೀರಗಂಟಿ. ಪಂಚಾಯ್ತಿಯ ಟ್ಯಾಂಕು ತುಂಬಿಸುವುದು, ಬೀದಿ ಬೀದಿಗೆ ನೀರು ಬಿಡುವುದು ಅವನ ಕೆಲಸ. ಅದಕ್ಕೂ ಮುಂಚೆ ಅವನ ಅಪ್ಪನ ಕೆಲಸವಾಗಿತ್ತು. ಇಡೀ ಊರಿಗೆ ಇದೊಂದೇ ಕ್ರೈಸ್ತರ ಮನೆ. ಜೂನ್ ಮೊದಲ ವಾರ ಟ್ಯಾಂಕು ತೊಳೆಯಲು ಹತ್ತಿದ ಕೃಪಾಕರ ಏಣಿಯಿಂದ ಜಾರಿ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ. ನೀರು ಕಾಯುವುದಿಲ್ಲವಲ್ಲ. ಮಾರನೆಯ ಬೆಳಗ್ಗೆ ಸರಳು ಹಿಡಿದು ಹೊರಟವಳು ಹನ್ನಾ. ಅವತ್ತು ಈ ವಾಲು ಅಲುಗಿರಲೇ ಇಲ್ಲ. ಇಲ್ಲೇ ಕೂತು ಅತ್ತಿದ್ದಳು. ಅತ್ತು, ಪ್ರಾರ್ಥಿಸಿ, ಮೈಯ ಭಾರವನ್ನೆಲ್ಲ ಸರಳಿನ ಮೇಲೆ ಹಾಕಿದಾಗ ಕಿರ್ರೆಂದು ಮಣಿದಿತ್ತು. ಮಣಿಸಿದ್ದು ಪ್ರಾರ್ಥನೆಯೋ ಮೈಯ ಭಾರವೋ ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು.

ಟಿವಿಎಸ್ ಗಾಡಿಯ ಸದ್ದು ಹತ್ತಿರ ಬಂದು ನಿಂತಿತು. ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡ ಮರಿಸ್ವಾಮಿ. ಪಂಚಾಯ್ತಿ ಮೆಂಬರು, ಡೇರಿ ಬೀದಿಯವನು.

"ಏನವ್ವ ಅನ್ನಮ್ಮ, ಅಬ್ಬದ ದಿನಾನೂ ರಜ ಇಲ್ವಾ?"

ಊರಿನವರ ನಾಲಗೆಗೆ ಹಕಾರ ಹೊರಳದು. ಹನ್ನಾ ಇಲ್ಲಿಗೆ ಮದುವೆಯಾಗಿ ಬಂದ ವಾರದಲ್ಲೇ ಅನ್ನಮ್ಮ ಆಗಿದ್ದಳು, ವಯಸ್ಸಾದವರ ಬಾಯಲ್ಲಿ ಅನ್ನವ್ವ.

"ನೀರಿಗೆ ಎಲ್ಲಿ ಹಬ್ಬ ಮರಿಸ್ವಾಮಣ್ಣ?"

"ಇನ್ನೊಂದ್ ವಾರ ಕಣವ್ವ ನಿನ್ ಕಷ್ಟ. ಒಂದನೇ ತಾರೀಕಿಂದ ಕೃಪಣ್ಣನೇ ಬತ್ತನೆ. ನೀನು ಬೆಚ್ಚಗೆ ಒದ್ಕಂಡು ಮನಿಕೊ." ಅವನು ಗಾಡಿಯನ್ನು ಮತ್ತೆ ಒದೆಯಲು ಕಾಲೆತ್ತಿದವನು ನೆನೆಸಿಕೊಂಡು ನಿಂತ. "ವಾಲೂ ಮೊದ್ಲಿನಂಗೇ ಆಯ್ತದೆ. ಡೇರಿ ಬೀದಿ ಮೊದ್ಲು, ಆಮ್ಯಾಕೆ ಮಿಕ್ಕವ್ರು. ನಿನ್ ಗಂಡ ಯೋಳಿಲ್ವಾ? ಮೊನ್ನೆನೇ ಒಪ್ಕಂಡವ್ನೆ."

ಹನ್ನಾ ಸರಳನ್ನು ಗುಂಡಿಯಿಂದ ಮೇಲಕ್ಕೆಳೆದಳು. "ಹೇಳಿರ್ಬೇಕು ಅಣ್ಣ. ನಾನೇ ಮರೆತಿರ್ತೀನಿ" ಎಂದಳು.

"ನಮ್ ದನ ತೊಳ್ಯದೂ ಒತ್ತಾಯ್ತದಲ್ಲವ್ವ, ಅದ್ಕೆ. ಬೇಜಾರ್ ಮಾಡ್ಕಬ್ಯಾಡ. ಕಜ್ಜಾಯ ಕಳ್ಸದ ಮರೀಬ್ಯಾಡ ಮತ್ತೆ!" ನಗುತ್ತ ಅವನು ಹೋದ. ಕೆಟ್ಟವನೇನಲ್ಲ. ಕೃಪಾಕರ ಮಲಗಿದಾಗ, ಬೇರೆಯವರನ್ನು ನೇಮಿಸಬೇಡಿ, ಅವನ ಕಾಲು ಕೂಡುವವರೆಗೆ ಹೆಂಡತಿ ನೋಡಿಕೊಳ್ಳಲಿ ಎಂದು ಪಂಚಾಯ್ತಿಯಲ್ಲಿ ಮಾತಾಡಿ ಕೆಲಸ ಉಳಿಸಿಕೊಟ್ಟವನೇ ಅವನು. ಅದಕ್ಕೇ ಅವನ ಮಾತಿಗೆ ಇಲ್ಲ ಅನ್ನುವುದು ಕೃಪಾಕರನಿಗೆ ಕಷ್ಟ. ಹನ್ನಾಳಿಗೆ ಅರ್ಥವಾಗದ್ದೇನಲ್ಲ.

ಅರ್ಥವಾಗದ್ದೇನಲ್ಲ, ಆದರೂ ಕಡೇ ಬೀದಿಯ ಸರದಿ ಮುಗಿಸಿ, ಸರಳು ಹೆಗಲಿಗೇರಿಸಿ ಶಾಲೆ ಬೀದಿಯ ವಾಲಿನ ಕಡೆ ನಡೆಯುವಾಗ ಎರಡು ಸಲ ಹಿಂದಿರುಗಿ ನೋಡಿದಳು.

ಮೊದಲ ತಿಂಗಳು ಅವಳೂ ಗಂಡ ಹೇಳಿದ ವರಸೆಯಲ್ಲೇ ನೀರು ಬಿಟ್ಟಿದ್ದಳು. ಟ್ಯಾಂಕಿಗೆ ಹತ್ತಿರದ ಡೇರಿ ಬೀದಿ ಮೊದಲು, ಆಮೇಲೆ ಗುಡಿ ಬೀದಿ, ಶಾಲೆ ಬೀದಿ, ಕೊನೆಗೆ ಏರಿನ ಮೇಲಿರುವ ಕಡೇ ಬೀದಿ. ಅಲ್ಲಿಗೆ ಬರುವ ಹೊತ್ತಿಗೆ ಟ್ಯಾಂಕು ಅರ್ಧ ಖಾಲಿಯಾಗಿ ನೀರಿಗೆ ಏರು ಹತ್ತುವ ತ್ರಾಣವೇ ಇರುತ್ತಿರಲಿಲ್ಲ. ಕಡೇ ಮನೆಯ ಚಿಕ್ಕಬೋರಮ್ಮ ನಲ್ಲಿಯ ಮುಂದೆ ಎರಡು ಬಿಂದಿಗೆ ಇಟ್ಟುಕೊಂಡು ಮಗುವಿಗೆ ಹಾಲು ಕುಡಿಸುವವಳ ಹಾಗೆ ತಾಳ್ಮೆಯಿಂದ ಕೂತಿರುತ್ತಿದ್ದಳು. "ಕೃಪಣ್ಣನ್ನ ಬಯ್ಯಕ್ಕೂ ಮನಸ್ ಬರದಿಲ್ಲ ಕಣವ್ವ, ಒಳ್ಳೇವ್ನು. ನೀರೇ ಸರಿಯಿಲ್ಲ" ಎಂದು ನಗುತ್ತಿದ್ದಳು.

ಹನ್ನಾಳ ತವರು ಶ್ರೀರಂಗಪಟ್ಟಣದ ಹತ್ತಿರ. ಅಪ್ಪ ಗುತ್ತಿಗೆಗೆ ಮಾಡುತ್ತಿದ್ದ ಗದ್ದೆ ನಾಲೆಯ ಕಟ್ಟಕಡೆಗಿತ್ತು. ಮೇಲಿನವರ ಗದ್ದೆಗಳೆಲ್ಲ ಕುಡಿದ ಮೇಲೆ ಬರುವ ನೀರಿಗಾಗಿ ಅಪ್ಪ ಸನಿಕೆ ಹಿಡಿದು ಬದುವಿನ ಮೇಲೆ ಕೂತಿರುತ್ತಿದ್ದದ್ದು ಅವಳಿಗೆ ನೆನಪಿತ್ತು. ಚಿಕ್ಕಬೋರಮ್ಮ ಕೂರುವ ರೀತಿಯೂ ಅದೇ. ಜುಲೈನ ಒಂದು ಬೆಳಗ್ಗೆ ಅವಳು ಯಾರನ್ನೂ ಕೇಳದೆ ಮೂರು ವಾಲನ್ನೂ ಬಿಗಿಯಾಗಿ ಮುಚ್ಚಿ, ತುಂಬಿದ ಟ್ಯಾಂಕಿನ ನೀರನ್ನು ಮೊದಲು ಕಡೇ ಬೀದಿಗೆ ಬಿಟ್ಟಳು. ಅಷ್ಟೇ ಅವಳು ಮಾಡಿದ್ದು. ಹೊಸ ಪೈಪು ಹಾಕಲಿಲ್ಲ, ಮೋಟರು ತರಲಿಲ್ಲ. ವರಸೆ ತಿರುವು ಮುರುವು ಮಾಡಿದಳು. ಡೇರಿ ಬೀದಿಯವರು ಹತ್ತು ದಿನ ಕೂಗಾಡಿದರು. ಹತ್ತಿರದ ಬೀದಿ, ಇಳಿಜಾರು ಬೇರೆ, ಅರ್ಧ ಟ್ಯಾಂಕಿನಲ್ಲೂ ತಮಗೆ ಸಾಕಷ್ಟು ನೀರು ಬರುತ್ತದೆ, ಮುಕ್ಕಾಲು ಗಂಟೆ ತಡವಷ್ಟೇ ಎಂದು ಗೊತ್ತಾದ ಮೇಲೆ ಗೊಣಗಾಟಕ್ಕೆ ಇಳಿದರು. ಹದಿಮೂರು ವರ್ಷ ಕೃಪಾಕರನಿಗೆ, ಅದಕ್ಕೂ ಹಿಂದೆ ಅವನಪ್ಪನಿಗೆ ಹೊಳೆಯದ್ದು ತನಗೆ ಹೊಳೆದಿತ್ತಲ್ಲ ಎಂದು ನೆನೆದಾಗ ಅವಳಿಗೆ ಮೈ ಬೆಚ್ಚಗಾಗುತ್ತಿತ್ತು. ತಕ್ಷಣ ಹೆದರಿಕೆಯೂ ಆಗುತ್ತಿತ್ತು, ಇದು ಗರ್ವವಿರಬಹುದೇ ಎಂದು.

ಮನೆಗೆ ಬಂದಾಗ ಕೃಪಾಕರ ಮಗಳಿಗೆ ಜಡೆ ಹಾಕುತ್ತಿದ್ದ. ಮನೆಯಲ್ಲಿ ಕೂತ ಆರು ತಿಂಗಳಲ್ಲಿ ಅವನು ಕಲಿತ ವಿದ್ಯೆಗಳಲ್ಲಿ ಅದೂ ಒಂದು. ಉಪ್ಪಿಟ್ಟು, ಬಸ್ಸಾರು, ಜಡೆ. ಒಂಬತ್ತು ವರ್ಷದ ಅರ್ಪಿತ ಮುಖ ಸಿಂಡರಿಸಿಕೊಂಡಿದ್ದಳು.

"ಅಪ್ಪ, ಒಂದು ಜಡೆ ಕಿವಿ ಮೇಲಿಂದ, ಒಂದು ಕಿವಿ ಕೆಳಗಿಂದ ಬಂದಿದೆ!"

"ಅದು ಕ್ರಿಸ್‌ಮಸ್ ಡಿಸೈನು ಕಣಮ್ಮ. ವರ್ಷಕ್ಕೊಂದೇ ಸಲ."

ಹನ್ನಾ ನಕ್ಕಳು. ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾವಾಗಲೂ ಕಷ್ಟವೇ. ಬಾಗಿಲ ಮೇಲೆ ಅವನೇ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ ತೂಗುತ್ತಿತ್ತು. ಸ್ನಾನ ಮಾಡಿ, ಹೊಸ ಸೀರೆಯುಟ್ಟು, ಹಿಂದಿನ ದಿನ ಮಾಡಿಟ್ಟ ಕಜ್ಜಾಯದ ಡಬ್ಬಿ ತೆಗೆಯುವಾಗಲೂ ಅವಳು ಮರಿಸ್ವಾಮಿಯ ಮಾತೆತ್ತಲಿಲ್ಲ. ಅವನಾಗಿಯೇ ಹೇಳಲಿ ಎಂದು ಕಾದಳು. ಅವನು ಹೇಳಲಿಲ್ಲ.

"ಸಾಕ್ಷಿ ಚೀಟಿ ಎಲ್ಲಿಟ್ಟೆ?" ಎಂದು ಕೇಳಿದ.

"ನಿಮ್ಮ ಬೈಬಲ್ಲಿನೊಳಗೇ ಇದೆ."

ಅವರ ಸಭೆಯಲ್ಲಿ ಕ್ರಿಸ್‌ಮಸ್ ಆರಾಧನೆ ಮುಗಿದ ಮೇಲೆ ಒಂದೊಂದು ಕುಟುಂಬದ ಯಜಮಾನನೂ ಎದ್ದುನಿಂತು ಆ ವರ್ಷ ದೇವರು ತಮ್ಮ ಮನೆಗೆ ಮಾಡಿದ ಉಪಕಾರವನ್ನು ಹೇಳುವ ಪದ್ಧತಿ. ಕುಟುಂಬ ಸಾಕ್ಷಿ ಎನ್ನುತ್ತಾರೆ. ಎಲ್ಲರೂ ಬಾಯಲ್ಲೇ ಹೇಳಿದರೆ ಕೃಪಾಕರ ಮಾತ್ರ ಚೀಟಿ ನೋಡಿ ಓದುತ್ತಾನೆ. ಬರೆಯುವುದು ಹನ್ನಾ. ಮದುವೆಯಾದ ವರ್ಷದಿಂದ ಹಾಗೇ ನಡೆದಿದೆ. ಈ ಸಲ ಬರೆಯುವುದು ಬಹಳವಿತ್ತು. ಅರ್ಪಿತ ತಾಲ್ಲೂಕಿನ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ಮೊದಲ ಬಹುಮಾನ ತಂದಿದ್ದಳು. ಸೋರುತ್ತಿದ್ದ ಹಿಂದಿನ ಕೋಣೆಗೆ ಶೀಟು ಹಾಕಿಸಿದ್ದರು. ಕೃಪಾಕರ ಕೋಲಿಲ್ಲದೆ ನಡೆಯುತ್ತಿದ್ದ. ಇವೆಲ್ಲ ಸರಾಗವಾಗಿ ಬಂದವು. ನೀರಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. 'ಕಡೇ ಬೀದಿಯ ವಾಲನ್ನು ಮೊದಲು ತಿರುಗಿಸಿದೆ' ಎಂದು ಬರೆದಳು. ಓದಿದಳು. ಗಂಡನ ಬಾಯಲ್ಲಿ ಆ ಸಾಲು ಅವನೇ ತಿರುಗಿಸಿದಂತೆ ಕೇಳುತ್ತದೆ. 'ನನ್ನ ಹೆಂಡತಿ' ಎಂದು ಸೇರಿಸಿದರೆ ತನ್ನ ಹೊಗಳಿಕೆಯನ್ನು ತಾನೇ ಬರೆದುಕೊಂಡಂತೆ. ಗೀಚಿಹಾಕಿ, 'ಕರ್ತನು ಕಡೇ ಬೀದಿಗೂ ನೀರು ಹರಿಯುವಂತೆ ಮಾಡಿದನು' ಎಂದು ಬರೆದಳು. ಕೆಳಗೆ, ಮಾವನ ಕಾಲದಿಂದ ಈ ಮನೆಯ ಸಾಕ್ಷಿ ಮುಗಿಯುವ ಮಾತು: 'ಇದರಲ್ಲಿ ನಮ್ಮ ಹೆಚ್ಚಳವೇನೂ ಇಲ್ಲ.'

ಪಕ್ಕದಲ್ಲಿ ಕೂತು ಇಣುಕುತ್ತಿದ್ದ ಅರ್ಪಿತ ಕೇಳಿದ್ದಳು, "ಹೆಚ್ಚಳ ಅಂದ್ರೆ ಜಾಸ್ತಿ ಆಗೋದು ಅಲ್ವಾಮ್ಮ? ಸಂಬಳ ಹೆಚ್ಚಳ ಅಂತ ಪೇಪರಲ್ಲಿ ಬರುತ್ತಲ್ಲ?"

"ಅದು ಪೇಟೆಯ ಹೆಚ್ಚಳ ಪುಟ್ಟಿ. ಸಭೆಯಲ್ಲಿ ಹೆಚ್ಚಳ ಅಂದ್ರೆ ಜಂಬ. ನಾವು ಜಂಬ ಪಡೋಕೆ ಇದರಲ್ಲಿ ಏನೂ ಇಲ್ಲ ಅಂತ."

"ಏನೂ ಇಲ್ವಾ?"

"ಬರೆಯೋಕೆ ಬಿಡೇ" ಎಂದಿದ್ದಳು ಹನ್ನಾ.

ಬಸ್‌ಸ್ಟಾಪಿನಲ್ಲಿ ಚಿಕ್ಕಬೋರಮ್ಮ ಆಗಲೇ ಬಂದು ನಿಂತಿದ್ದಳು. ಮೊಮ್ಮಗಳ ಮದುವೆಗೆ ಉಟ್ಟಿದ್ದ ನೇರಳೆ ರೇಷ್ಮೆ, ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಆಧಾರ್ ಕಾರ್ಡು. ವರ್ಷವೂ ಹಬ್ಬದೂಟಕ್ಕೆ ಕರೆದರೆ ಮಧ್ಯಾಹ್ನ ಬರುತ್ತಿದ್ದವಳು ಈ ಸಲ ಪೇಟೆಯ ಕ್ರೈಸ್ತ ಗುಡಿಗೂ ಬರುತ್ತೇನೆಂದು ಹಟ ಹಿಡಿದಿದ್ದಳು.

"ಬಸ್ಸೂ ಪಿರೀ, ದೇವ್ರೂ ಪಿರೀ. ಬರ್ದೆ ಏನು?" ಎಂದು ಹನ್ನಾಳ ಪಕ್ಕದಲ್ಲಿ ಕೂತಳು. ಬಸ್ಸು ಕೆ.ಆರ್.ಪೇಟೆ ರಸ್ತೆಗೆ ಹೊರಳಿದ ಮೇಲೆ ದನಿ ತಗ್ಗಿಸಿ ಕೇಳಿದಳು, "ಅಲ್ಲ ಅನ್ನವ್ವ, ಅಲ್ಲಿ ಸಾಕ್ಷಿ ಯೋಳ್ತೀರಂತಲ್ಲ, ಪ್ರಮಾಣ ಮಾಡುಸ್ತಾರಾ? ನಮ್ ಮೈದುನನ ಒಲದ ಬದಿನ ಕೇಸಲ್ಲಿ ನನ್ನ ಕೋರ್ಟ್ಗೆ ಕರ್ಸಿದ್ರು. ಲಾಯ್ರಿ ಎಂಥೆಂಥದೋ ಕೇಳಿ ತಲೆ ಕೆಡಿಸ್ಬುಟ್ಟ."

"ಅಂಥದ್ದಲ್ಲ ಅಜ್ಜಿ. ನಮ್ಮಲ್ಲಿ ಯಾರೂ ಎದುರು ಪ್ರಶ್ನೆ ಹಾಕಲ್ಲ. ಕಂಡದ್ದನ್ನ ಕಂಡ ಹಾಗೆ ಹೇಳೋದು, ಕೂತ್ಕೊಳ್ಳೋದು."

"ಅಷ್ಟೇನಾ? ಅಂಗಾದ್ರೆ ಸಲೀಸು" ಎಂದಳು ಚಿಕ್ಕಬೋರಮ್ಮ, ಸಮಾಧಾನವಾಗಿ.

ಪೇಟೆಯಲ್ಲಿ ಇಳಿಯುವಾಗ ಹನ್ನಾ ಗಂಡನನ್ನೇ ನೋಡುತ್ತಿದ್ದಳು. ಅವನು ಒಳ್ಳೆಯ ಕಾಲನ್ನು ಮೊದಲು ಕೆಳಗಿಟ್ಟು, ರಾಡಿನ ಕಾಲನ್ನು ಮಡಿಸದೆ ನೇರವಾಗಿ ಇಳಿಸಿದ. ಅಜ್ಜಿಯೂ ಅರ್ಪಿತಳೂ ಮುಂದೆ ನಡೆದಾಗ ಹನ್ನಾ ಅವನ ಜತೆ ಹೆಜ್ಜೆ ಹಾಕಿದಳು.

"ಬೆಳಿಗ್ಗೆ ಮರಿಸ್ವಾಮಣ್ಣ ಸಿಕ್ಕಿದ್ರು."

"ಹಬ್ಬ ಮುಗೀಲಿ ಆಮೇಲೆ ಹೇಳಾಣ ಅಂತಿದ್ದೆ ಹನ್ನಾ. ಏನ್ ಮಾಡ್ಲಿ, ಆರ್ ತಿಂಗ್ಳು ನಮ್ ಕೈ ಹಿಡ್ದವ್ರೆ. ಎದುರಿಗೆ ನಿಂತು ಕೇಳ್ದಾಗ ಆಗಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

"ಕಡೇ ಬೀದಿಗೆ?"

"ಬರ್ತದೆ ಬುಡು. ಮೊದ್ಲೂ ಬತ್ತಿತ್ತಲ್ಲ, ಅಷ್ಟೋ ಇಷ್ಟೋ."

ಅಷ್ಟೋ ಇಷ್ಟೋ. ಹನ್ನಾ ಮುಂದೆ ನಡೆಯುತ್ತಿದ್ದ ನೇರಳೆ ರೇಷ್ಮೆಯನ್ನು ನೋಡಿದಳು. ಆ ಸೀರೆಯನ್ನು ಅಜ್ಜಿ ಮನೆಯಲ್ಲೇ ಒಗೆದು, ಹಾಸಿಗೆ ಕೆಳಗಿಟ್ಟು ಮಡಿಕೆ ಮಾಡಿದ್ದು ನೋಡಿದರೆ ಗೊತ್ತಾಗುತ್ತಿತ್ತು. ಹೋದ ವರ್ಷ ಒಗೆಯುವ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದವಳು ಅವಳು. ಇನ್ನೇನಾದರೂ ಅಂದರೆ ಗುಡಿಯ ಬಾಗಿಲಲ್ಲಿ ಜಗಳವಾಗುತ್ತದೆ ಎಂದು ಹನ್ನಾ ಬೇಗ ಹೆಜ್ಜೆ ಹಾಕಿ ಅಜ್ಜಿಯನ್ನು ಕೂಡಿಕೊಂಡಳು.

ಹೆಂಚಿನ ಮಾಡಿನ ಚಿಕ್ಕ ಗುಡಿ ಅದು. ಒಳಗೆ ಬಣ್ಣದ ಕಾಗದದ ತೋರಣ, ಮೂಲೆಯಲ್ಲಿ ಭತ್ತದ ಹುಲ್ಲು ಹಾಸಿದ ಗೋದಲಿ. ಸಿಂಧಘಟ್ಟ, ಬಿಂಡಿಗನವಿಲೆ ಕಡೆಯಿಂದೆಲ್ಲ ಬಂದ ಮೂವತ್ತು ಮೂವತ್ತೈದು ಮನೆಯವರು. ಹೆಂಗಸರು ಬಲಕ್ಕೆ, ಗಂಡಸರು ಎಡಕ್ಕೆ. ಪಾಪದ ಅರಿಕೆಗೆ ಎಲ್ಲರೂ ಮಂಡಿಯೂರಿದಾಗ ಹನ್ನಾ ಕಣ್ಣು ಮುಚ್ಚದೆ ಎಡಕ್ಕೆ ನೋಡಿದಳು. ಕೃಪಾಕರ ಮಂಡಿಯೂರಲು ಹೋದ. ಅರ್ಧಕ್ಕೆ ಬಗ್ಗಿ, ಹಲ್ಲು ಕಚ್ಚಿ, ಯಾರೂ ನೋಡಲಿಲ್ಲವೆಂದುಕೊಂಡು ಮೆಲ್ಲನೆ ಬೆಂಚಿನ ಮೇಲೆ ಕೂತ. ಡಾಕ್ಟರು ಸರಿಯಾಗಿದೆ ಎಂದಿದ್ದು ನಡೆಯುವುದಕ್ಕೆ. ಮಂಡಿಯೂರುವುದನ್ನು ಅವರೂ ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

ಆರಾಧನೆ ಮುಗಿದು ಸಾಕ್ಷಿಗಳು ಶುರುವಾದವು. ನಾಗಮಂಗಲದಿಂದ ಬರುವ ಟೈಲರೊಬ್ಬರು ವರ್ಷವೂ ಹೇಳುವ ಹಾಗೆ ತಮ್ಮ ಬೈಪಾಸ್ ಆಪರೇಷನ್ನಿನ ಕಥೆ ಹೇಳಿದರು. ಅದಾಗಿ ಎಂಟು ವರ್ಷವಾಗಿತ್ತು. ಹಿಂದಿನ ಬೆಂಚಿನ ಹುಡುಗಿಯರು ಅವರ ಜತೆಗೇ ಬಾಯಾಡಿಸಿ ನಗು ತಡೆದುಕೊಂಡರು. ಇನ್ನೊಬ್ಬರು ಎಮ್ಮೆ ಬದುಕಿದ್ದಕ್ಕೆ ಕಣ್ಣೀರು ಹಾಕಿದರು. ಆಮೇಲೆ ಕೃಪಾಕರ ಎದ್ದ. ಚೀಟಿ ಬಿಡಿಸಿದ.

ತನ್ನ ಅಕ್ಷರ ಅವನ ದನಿಯಲ್ಲಿ ಬರುವುದನ್ನು ಕೇಳುವುದು ಹನ್ನಾಳಿಗೆ ಪ್ರತಿ ವರ್ಷವೂ ಇಷ್ಟವಾಗುವ ಸಂಗತಿ. ಕರ್ತನು ನಮ್ಮ ಮಗಳಿಗೆ ಬಹುಮಾನ ಕೊಟ್ಟನು. ಸಭೆ ಚಪ್ಪಾಳೆ ತಟ್ಟಿತು, ಅರ್ಪಿತ ಎರಡು ಬಗೆಯ ಜಡೆಗಳನ್ನು ಹಿಡಿದುಕೊಂಡು ತಲೆ ತಗ್ಗಿಸಿದಳು. ಕರ್ತನು ನಮ್ಮ ಮನೆಯ ಮಾಡನ್ನು ಭದ್ರಪಡಿಸಿದನು. ಕರ್ತನು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದನು. ಕರ್ತನು ಕಡೇ ಬೀದಿಗೂ ನೀರು ಹರಿಯುವಂತೆ ಮಾಡಿದನು.

"ಇದರಲ್ಲಿ ನಮ್ಮ ಹೆಚ್ಚಳವೇನೂ ಇಲ್ಲ" ಎಂದು ಓದಿ ಅವನು ಚೀಟಿ ಮಡಿಸಿದ.

"ಎಂಗಿಲ್ಲ?"

ಇಡೀ ಗುಡಿ ಬಲಕ್ಕೆ ತಿರುಗಿತು. ಚಿಕ್ಕಬೋರಮ್ಮ ಎದ್ದು ನಿಂತಿದ್ದಳು.

"ಎಂಗಿಲ್ಲ ಅಂತೀಯ ಕೃಪಣ್ಣ? ದೇವ್ರ ಮುಂದೆ ನಿಂತ್ಕಂಡು ಎಚ್ಚಳ ಇಲ್ಲ ಅಂತೀಯಲ್ಲ! ನಮ್ ಬೀದಿ ನಲ್ಲೀಲಿ ಎಲ್ಡು ಬಿಂದ್ಗೆ ತುಂಬೋ ಒತ್ಗೆ ನೀರು ನಿಂತೋಗದು. ಈಗ ಅದ್ನಾಕು ಬಿಂದ್ಗೆ ಬತ್ತದೆ. ಅದ್ನಾಕು! ಒಂದ್ ಮನೆಗಲ್ಲ, ಮನೆ ಮನೆಗೂವೆ! ಇದು ಎಚ್ಚಳ ಅಲ್ದೆ ಇನ್ನೇನ್ಲಾ?"

ಹಿಂದಿನ ಬೆಂಚು ಮೊದಲು ನಕ್ಕಿತು. ಆಮೇಲೆ ಎಲ್ಲರೂ. ಹನ್ನಾ ಅಜ್ಜಿಯ ಸೆರಗು ಹಿಡಿದೆಳೆದಳು. "ಅಜ್ಜಿ, ಆ ಹೆಚ್ಚಳ ಅಲ್ಲ, ಕೂತ್ಕೊಳಿ, ಕೂತ್ಕೊಳಿ..."

"ಇರವ್ವ ನೀನು. ಎದ್ರು ಪ್ರಶ್ನೆ ಯಾರೂ ಹಾಕಲ್ಲ ಅಂತ ನೀನೇ ಯೋಳ್ದೆ." ಅಜ್ಜಿ ಸೆರಗು ಬಿಡಿಸಿಕೊಂಡು ಪೀಠದ ಬಳಿ ನಿಂತಿದ್ದ ಪಾದ್ರಿ ಅಯ್ಯನವರ ಕಡೆ ತಿರುಗಿದಳು. "ಸ್ವಾಮಿ, ನಿಮ್ ದೇವ್ರು ಕೊಟ್ಟ ಅಂತವ್ರೆ. ಕೊಟ್ಟಿರ್ಬೋದು, ನಾನ್ ಇಲ್ಲ ಅನ್ನಕಿಲ್ಲ. ಆದ್ರೆ ಐದು ಗಂಟೆ ಸಳೀಲಿ ಮಂಡಿ ಊರ್ಕಂಡು ವಾಲು ತಿರುವ್ದೋಳು ಈ ನಮ್ ಅನ್ನವ್ವ. ಮೊದ್ಲು ಕಡೇ ಬೀದಿಗೆ ಅಂತ ಬುಟ್ಟೋಳು ಇವ್ಳು. ಇವ್ಳ ಅಂಗೈ ನೋಡಿ, ಗಂಡಸ್ರ ಕೈ ಆಗೋಗದೆ. ನಾನ್ ಕಣ್ಣಾರೆ ಕಂಡಿವ್ನಿ. ಸಾಕ್ಷಿ ನಾನು." ಅಷ್ಟು ಹೇಳಿ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು.

ಈಗ ಯಾರೂ ನಗಲಿಲ್ಲ. ಹನ್ನಾ ಅಂಗೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಕಿವಿ ಸುಡುತ್ತಿತ್ತು. ನೆಲದೊಳಗೆ ನೀರು ಹೊರಟಾಗ ಮಂಡಿಗೆ ತಿಳಿಯುವ ಆ ಹೊರಳಾಟ ಈಗ ಅವಳೊಳಗೇ ಎದ್ದಿತ್ತು.

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. "ಹತ್ತೊಂಬತ್ತು ವರ್ಷದಿಂದ ಸಾಕ್ಷಿ ಕೇಳ್ತಿದೀನಿ. ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ" ಎಂದರು. ಕೃಪಾಕರನ ಕಡೆ ನೋಡಿ, "ಏನಪ್ಪ, ಅಜ್ಜಿ ಹೇಳಿದ್ದು ನಿಜವೇನು?" ಎಂದು ಕೇಳಿದರು.

ಕೃಪಾಕರ ಇನ್ನೂ ನಿಂತೇ ಇದ್ದ. ಮಡಿಸಿದ ಚೀಟಿಯನ್ನು ಮತ್ತೆ ಬಿಡಿಸಿದ, ಅದರಲ್ಲಿ ಉತ್ತರವಿರಬಹುದೆಂಬಂತೆ. ಗೀಚಿಹಾಕಿದ ಸಾಲು ಅವನಿಗೆ ಆಗ ಕಂಡಿರಬೇಕು.

"ನಿಜ ಅಯ್ಯನೋರೆ" ಎಂದ. "ಹದಿಮೂರು ವರ್ಷ ನಾನು ತಿರುಗಿಸಿದೆ. ನನಗೆ ಹೊಳೀಲಿಲ್ಲ. ಅವಳಿಗೆ ಹೊಳೀತು."

"ಆಮೆನ್" ಎಂದು ಟೈಲರು ಜೋರಾಗಿ ಅಂದರು. ಅರ್ಪಿತ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಮನೆಗೆ ಮರಳಿದ ಮೇಲೆ ಊಟಕ್ಕೆ ಹನ್ನಾ ಮಾಡಿದ್ದ ಮಟನ್ ಸಾರು ಚಿಕ್ಕಬೋರಮ್ಮನಿಗೆ ಬಹಳ ಹಿಡಿಸಿತು. ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕುತ್ತ ಹೋಗಿಬರುವವರಿಗೆಲ್ಲ ತಾನು ಗುಡಿಯಲ್ಲಿ ಸಾಕ್ಷಿ ಹೇಳಿ ಗೆದ್ದುಬಂದ ಕಥೆ ಹೇಳಿದಳು. ಎರಡನೆಯ ಸಲ ಹೇಳುವಾಗ ಹದಿನಾಲ್ಕು ಬಿಂದಿಗೆ ಹದಿನಾರಾಯಿತು. ಏಳುವಾಗ ಮಾತ್ರ ಹನ್ನಾಳ ಗಲ್ಲ ಹಿಡಿದು ಕೇಳಿದಳು, "ಒಂದನೇ ತಾರೀಕಿಂದ ಮೊದ್ಲಿನಂಗೆ ಅಂತ ಬೀದೀಲಿ ಮಾತಾಡ್ಕತಾವ್ರೆ. ದಿಟವಾ ಮಗ?"

ಹನ್ನಾ ಗಂಡನ ಕಡೆ ನೋಡಿದಳು. ಅವನು ಅಂಗಳದಲ್ಲಿ ನಕ್ಷತ್ರದ ದಾರ ಬಿಗಿ ಮಾಡುತ್ತಿದ್ದವನು ಕೇಳದವನಂತೆ ಬೆನ್ನು ತಿರುಗಿಸಿದ.

"ನೋಡಾಣ ಅಜ್ಜಿ" ಎಂದಳು. ಅಜ್ಜಿ ಅದನ್ನು ಒಪ್ಪಿಕೊಂಡವಳಂತೆಯೂ ಕಾಣಲಿಲ್ಲ, ಒಪ್ಪದವಳಂತೆಯೂ. ಬಿಂದಿಗೆಯ ಮುಂದೆ ಕೂರುತ್ತಿದ್ದ ಆ ಹಳೆಯ ತಾಳ್ಮೆಯಲ್ಲಿ ತಲೆಯಾಡಿಸಿ ಹೋದಳು.

ಸಂಜೆ ಹನ್ನಾ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕೃಪಾಕರ ಬಂದು ಪಕ್ಕದ ಕಲ್ಲಿನ ಮೇಲೆ ಕೂತ. ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿದ.

"ಇವತ್ತು ನನ್ಗೆ ನಾಚ್ಕೆ ಆಗ್ಬೇಕಿತ್ತು. ಆಗ್ಲಿಲ್ಲ" ಎಂದ. "ಎದೆ ಉಬ್ಬೋಯ್ತು. ನಮ್ಮಪ್ಪ ಇದ್ದಿದ್ರೆ ಗರ್ವ ಕಣೋ ಅದು ಅಂತ ಬಯ್ಯೋರು."

"ನಿಮ್ಮ ಬಗ್ಗೆ ನೀವು ಉಬ್ಬಿದ್ರೆ ಗರ್ವ. ಹೆಂಡ್ತಿ ಬಗ್ಗೆ ಉಬ್ಬಿದ್ರೆ ಏನಂತಾರೋ ಅಯ್ಯನೋರ್ನ ಕೇಳಿ."

ಅವನು ನಕ್ಕ. ನಕ್ಕು ಮುಗಿಸಿ, "ಮರಿಸ್ವಾಮಣ್ಣಂಗೆ ಮಾತು ಕೊಟ್ಬುಟ್ಟಿದೀನಿ. ಅದೊಂದು ಕೊರೀತಾ ಅದೆ ಹನ್ನಾ. ಕೊಟ್ಟ ಮಾತು" ಎಂದ.

"ಕೊಟ್ಟ ಮೇಲೆ ಕೊಟ್ಟ ಹಾಗೆ" ಎಂದಳು ಅವಳು. ಸಿಟ್ಟಿನಿಂದಲ್ಲ. ಮಾತು ಮುರಿ ಎಂದು ಅವನಿಗೆ ಹೇಳುವ ಮನಸ್ಸು ಅವಳಿಗಿರಲಿಲ್ಲ. ಕೊಟ್ಟ ಮಾತಿಗೆ ನಿಲ್ಲುವ ಗಂಡಸನ್ನೇ ಅವಳು ಮದುವೆಯಾದದ್ದು.

ಅವನು ಏಳುವಾಗ ಗೋಡೆ ಹಿಡಿದುಕೊಂಡ. ಮಂಡಿಯನ್ನು ಒಂದು ಕ್ಷಣ ಒತ್ತಿಕೊಂಡು, ಅವಳು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗೆ ಹೋದ. ತಿಕ್ಕಿ ಹೊಳೆಯುತ್ತಿದ್ದ ಬೋಗುಣಿಯ ತಳದ ಪ್ರತಿಬಿಂಬದಲ್ಲಿ ಅವಳು ಅದನ್ನೆಲ್ಲ ನೋಡಿದಳು.

ಕೈ ಒರೆಸಿಕೊಂಡು ಒಳಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಗದದ ನಕ್ಷತ್ರದೊಳಗೆ ಬಲ್ಬು ಹತ್ತಿ ಅಂಗಳವೆಲ್ಲ ಕೆಂಪಗಾಗಿತ್ತು. ಸರಳು ಎಂದಿನಂತೆ ಬಾಗಿಲ ಹಿಂದೆ ಒರಗಿತ್ತು. ಅದರ ಅಡ್ಡಪಟ್ಟಿಯಲ್ಲಿ ಎರಡು ಜಾಗ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಜೂನ್‌ನಲ್ಲಿ ಅವಳು ಕೈಗೆತ್ತಿಕೊಂಡಾಗ ಹೊಳಪು ಪಟ್ಟಿಯ ತುದಿಗಳಲ್ಲಿತ್ತು, ಕೃಪಾಕರನ ಅಗಲದ ಕೈ ಹಿಡಿಯುವಲ್ಲಿ. ಈಗ ನಡುವಿಗೆ ಹತ್ತಿರ ಹೊಸದಾಗಿ ಈ ಎರಡು ಹೊಳಪು ಮೂಡಿತ್ತು. ಅವಳು ಅವುಗಳ ಮೇಲೆ ಅಂಗೈ ಇಟ್ಟು ನೋಡಿದಳು. ಸರಿಯಾಗಿ ಕೂತವು.

ಮರಿಸ್ವಾಮಿಗೆ ಮಾತು ಕೊಟ್ಟವನು ಗಂಡ. ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಫೋನು ತೆಗೆದಳು. ನಾಲ್ಕೂಮುಕ್ಕಾಲರ ಅಲಾರಂ. ಡಿಸೆಂಬರ್ ಮುಗಿದ ಕೂಡಲೇ ತೆಗೆದುಹಾಕಬೇಕು, ಒಂದನೇ ತಾರೀಕು ಸೂರ್ಯ ಹುಟ್ಟುವವರೆಗೆ ಮಲಗಬೇಕು ಎಂದು ಎಷ್ಟು ಬೆಳಗ್ಗೆ ಆಸೆಪಟ್ಟಿದ್ದಳೋ. ಕೃಪಾಕರನ ಅಲಾರಂ ಐದೂಕಾಲಿಗೆ. ಅವನು ಎದ್ದು ಮುಖ ತೊಳೆದು ನೇರ ಡೇರಿ ಬೀದಿಯ ವಾಲಿಗೆ ಬಂದರೆ ಅವನು ತಿರುಗಿಸುವ ಮೊದಲ ವಾಲು ಅದೇ ಆಗಿರುತ್ತದೆ. ಅವನ ಮಾತು ಉಳಿಯುತ್ತದೆ. ಅಷ್ಟರಲ್ಲಿ ಅವಳು ಬಿಟ್ಟ ನೀರಿಗೆ ಏರಿನ ಮೇಲಿನ ಬೀದಿಯಲ್ಲಿ ಹದಿನಾಲ್ಕನೆಯ ಬಿಂದಿಗೆ ತುಂಬಿ, ಸರಳೂ ಅವನ ಕೈಗೆ ಬಂದಿರುತ್ತದೆ. ಮರಿಸ್ವಾಮಿಗೆ ಗೊತ್ತಾದರೆ ಕೂಗಾಡಬಹುದು. ಅವನ ಕೂಗಾಟ ಹತ್ತು ದಿನದ್ದು ಎಂದು ಅವಳಿಗೆ ಗೊತ್ತಿತ್ತು.

"ಏನಮ್ಮ, ಒಬ್ಬಳೇ ನಗ್ತಿದೀಯ?" ಅರ್ಪಿತ ಕಜ್ಜಾಯ ಕಚ್ಚುತ್ತ ಕೇಳಿದಳು.

"ಏನಿಲ್ಲ. ಬಾ, ಜಡೆ ಬಿಚ್ಚಿಸ್ಕೊ" ಎಂದಳು ಹನ್ನಾ, ಅಲಾರಮ್ಮನ್ನು ಇದ್ದ ಹಾಗೆಯೇ ಬಿಟ್ಟು ಫೋನನ್ನು ಸೆರಗಿನಲ್ಲಿ ಸಿಕ್ಕಿಸಿಕೊಳ್ಳುತ್ತ.